ಚೇಳಿನ ವಿಷ: ಜನಪದ ಚಿಕಿತ್ಸೆ ಮತ್ತು ಜೀವಕೋಶದ ಸಂಕೇತ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನ ನಲ್ಲೂರು ತನ್ನ ಹುಣಸೆ ತೋಪಿನಿಂದ ನಾಡಿಗೆ ಪರಿಚಿತವಾದ ಗ್ರಾಮ. ಸುಮಾರು ೫೪ ಎಕರೆ ವಿಸ್ತಾರದ ಈ ತೋಪನ್ನು ೨೦೦೭ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ದೇಶದಲ್ಲಿ ಇಂಥ ಮನ್ನಣೆ ಪಡೆದ ಮೊದಲ ತಾಣವಿದು. ಇಲ್ಲಿಯ ಮರಗಳು ಚೋಳರ ಕಾಲದವು ಎಂಬುದು ಜನರ ನಂಬಿಕೆ. ಹಳೆಯ ಮರದ ಪೊಟರೆ, ಒಣಗಿ ಬಿರಿದ ತೊಗಟೆ, ಕಲ್ಲುಸಂದಿ ಇವೆಲ್ಲ ಚೇಳು ಅಡಗುವ ಜಾಗಗಳು. ಚೇಳು ಕುಟುಕಿದರೆ ಮಾಡುವ ಮನೆಮದ್ದು ಕೂಡ ಹುಣಸೆಯಿಂದಲೇ ದೊರೆಯುವುದು ಗಮನಾರ್ಹ. ಹುಣಸೆಬೀಜವನ್ನು ಕಲ್ಲಿಗೆ ತೇಯ್ದು, ಬಿಸಿಯಾದ ಒಳಭಾಗವನ್ನು ಕುಟುಕಿದ ಜಾಗಕ್ಕೆ ಒತ್ತಿದರೆ ಅದು ಅಂಟಿಕೊಳ್ಳುತ್ತದೆ. ವಿಷವನ್ನೆಲ್ಲ ಹೀರಿಕೊಂಡ ಮೇಲೆ ತಾನಾಗಿ ಉದುರುತ್ತದೆ ಎಂಬ ತಿಳಿವಳಿಕೆ ದಕ್ಷಿಣ ಭಾರತದ ಹಲವೆಡೆಗಳಂತೆ ಈ ಬಯಲುಸೀಮೆಯಲ್ಲಿಯೂ ರೂಢಿಯಲ್ಲಿದೆ.

ಜನಪದ ವೈದ್ಯವನ್ನು ಕುರಿತ ನಮ್ಮ ಬರಹಗಳು ಬಹುಮಟ್ಟಿಗೆ ಎರಡು ಹಾದಿಗಳಲ್ಲಿ ಸಾಗಿವೆ. ಮೊದಲನೆಯದು ಜನಪದರ ಅರಿವೆಲ್ಲ ವಿಜ್ಞಾನವೇ ಎಂದು ಕೊಂಡಾಡುವ ಹಾದಿ; ಎರಡನೆಯದು ಅದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವ ಹಾದಿ. ಚೇಳು ಕಡಿತದ ವಿಷಯದಲ್ಲಿ ಇವೆರಡೂ ಸಾಲವು. ಇಲ್ಲಿ ಒಂದು ಮಗುವಿನ ಪ್ರಾಣ ಉಳಿಯುವುದೋ ಹೋಗುವುದೋ ಎಂಬುದು ಕೆಲವೇ ಗಂಟೆಗಳಲ್ಲಿ ತೀರ್ಮಾನವಾಗುತ್ತದೆ. ಜನಪದ ಚಿಕಿತ್ಸೆಯು ಯಾವ ಲಕ್ಷಣವನ್ನು ಅಳತೆಗೋಲಾಗಿ ಇಟ್ಟುಕೊಂಡಿದೆ, ದೇಹದ ಅಂಗಾಂಶಗಳಲ್ಲಿ ಆಗ ನಿಜವಾಗಿ ನಡೆಯುವುದೇನು, ಈ ಎರಡರ ನಡುವಿನ ಅಂತರ ಎಲ್ಲಿದೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಏರುವ ವಿಷ, ಇಳಿಸುವ ಮಂತ್ರ

ಕನ್ನಡ ಜನಪದದಲ್ಲಿ ಹಾವು ಕಚ್ಚುತ್ತದೆ, ಚೇಳು ಕುಟುಕುತ್ತದೆ. ಬಾಯಿಯಿಂದ ಬರುವ ವಿಷಕ್ಕೂ ಬಾಲದ ಕೊಂಡಿಯಿಂದ ಬರುವ ವಿಷಕ್ಕೂ ಇರುವ ವ್ಯತ್ಯಾಸವನ್ನು ನುಡಿಯೇ ಗುರುತಿಸಿದೆ. ಹೆಂಡ ಕುಡಿದ ಕೋತಿಗೆ ಚೇಳು ಕುಟುಕಿದಂತೆ ಎಂಬ ಗಾದೆ ತಡೆಯಲಾರದ ನೋವನ್ನೂ ನಿಂತಲ್ಲಿ ನಿಲ್ಲಲಾರದ ಚಡಪಡಿಕೆಯನ್ನೂ ಕಣ್ಣಿಗೆ ಕಟ್ಟಿಸುತ್ತದೆ. ಚೇಳಿನ ಮಂತ್ರವನ್ನೇ ಅರಿಯದವನು ಹಾವಿನ ಹುತ್ತಕ್ಕೆ ಕೈಹಾಕಿದನೆಂಬ ಮಾತಿನಲ್ಲಿ ಚೇಳಿನ ಮಂತ್ರ ಬಲ್ಲವನ ವಿದ್ಯೆ ಪ್ರಾಥಮಿಕ ಹಂತದ್ದು ಎಂಬ ಭಾವನೆಯೂ ಅಡಗಿದೆ. ಚೇಳಿನ ಕಡಿತವನ್ನು ನೋವಿನ ಸಂಗತಿಯಾಗಿಯೂ ಹಾವಿನ ಕಡಿತವನ್ನು ಸಾವಿನ ಸಂಗತಿಯಾಗಿಯೂ ಜನಪದರು ಕಂಡಿದ್ದಾರೆಂಬುದು ಇಂಥ ಮಾತುಗಳಿಂದ ವ್ಯಕ್ತವಾಗುತ್ತದೆ.

ಈ ಚಿಕಿತ್ಸೆಯ ಹಿಂದಿರುವ ಕಲ್ಪನೆ ಸರಳವಾದುದು. ವಿಷವು ಕುಟುಕಿದ ಬೆರಳಿನಿಂದ ಮಣಿಕಟ್ಟಿಗೆ, ಮೊಣಕೈಗೆ, ತೋಳಿಗೆ ಏರುತ್ತದೆ. ಮಂತ್ರ ಹಾಕುವವರು ಬೇವಿನ ಸೊಪ್ಪಿನಿಂದಲೋ ಬಟ್ಟೆಯ ತುದಿಯಿಂದಲೋ ಮೇಲಿನಿಂದ ಕೆಳಕ್ಕೆ ನೀವುತ್ತ, ಎಲ್ಲಿಯವರೆಗೆ ಇಳಿಯಿತು ಎಂದು ಆಗಾಗ ಕೇಳುತ್ತಾರೆ. ಕುಟುಕಿಸಿಕೊಂಡವರು ನೋವಿನ ಗಡಿಯನ್ನು ತೋರಿಸುತ್ತಾರೆ. ನೋವು ಬೆರಳಿಗೆ ಇಳಿದು ನಿಂತರೆ ವಿಷ ಇಳಿಯಿತೆಂದು ಅರ್ಥ. ಹುಣಸೆಬೀಜ ಉದುರುವುದಕ್ಕೂ ಇದೇ ಅರ್ಥ. ಹೀಗೆ ಬೀಜ, ಸೊಪ್ಪು, ಮಂತ್ರ ಇವು ಬೇರೆ ಬೇರೆಯಾಗಿದ್ದರೂ ನೋವಿದ್ದಲ್ಲಿ ವಿಷವಿದೆ, ನೋವು ಹೋದರೆ ವಿಷವೂ ಹೋಯಿತು ಎಂಬ ಒಂದೇ ಅಳತೆ ಇವೆಲ್ಲಕ್ಕೂ ಆಧಾರವಾಗಿದೆ.

ಈ ಭಯವು ಆರಾಧನೆಯ ರೂಪವನ್ನೂ ತಳೆದಿದೆ. ನೆರೆಯ ಕೋಲಾರ ಪಟ್ಟಣದ ಕೋಲಾರಮ್ಮನ ಗುಡಿ ಚೋಳರ ಶಾಸನಗಳಿರುವ ಪ್ರಾಚೀನ ದೇವಾಲಯ. ಅಲ್ಲಿಯೇ ಚೇಳಮ್ಮನ ಸನ್ನಿಧಿಯಿದ್ದು, ಆಕೆಗೆ ನಡೆದುಕೊಂಡವರಿಗೆ ಚೇಳಿನ ಕಾಟವಿಲ್ಲವೆಂಬ ನಂಬಿಕೆ ಬಲವಾಗಿದೆ. ಯಾದಗಿರಿ ಜಿಲ್ಲೆಯ ಕಂದಕೂರಿನಲ್ಲಿ ನಾಗರ ಪಂಚಮಿಯಂದು ಕೊಂಡಮ್ಮಾಯಿ ಬೆಟ್ಟವನ್ನೇರಿದ ಭಕ್ತರು ಬಂಡೆಗಳಡಿಯಿಂದ ಚೇಳುಗಳನ್ನು ಹಿಡಿದು ಕೈಮೈಗಳ ಮೇಲೆ ಬಿಟ್ಟುಕೊಳ್ಳುತ್ತಾರೆ. ಚೇಳು ಪ್ರತಿ ಕುಟುಕಿನಲ್ಲಿಯೂ ಒಂದೇ ಪ್ರಮಾಣದ ವಿಷವನ್ನು ಬಿಡುವುದಿಲ್ಲ. ಚೇಳುಗಳಲ್ಲಿ ಬಹುಪಾಲು ಜಾತಿಗಳ ವಿಷ ಮನುಷ್ಯನನ್ನು ಕೊಲ್ಲುವಷ್ಟು ತೀವ್ರವೂ ಅಲ್ಲ. ಆದುದರಿಂದ ಅನುಭವವು ನಂಬಿಕೆಯನ್ನು ಬಹುಮಟ್ಟಿಗೆ ಸಮರ್ಥಿಸುತ್ತಲೇ ಬಂದಿದೆ. ಮಂತ್ರದ ಯಶಸ್ಸಿಗೂ ಇದೇ ಕಾರಣ. ದೊಡ್ಡ ಕರಿಚೇಳಿನ ಕುಟುಕು ನೋಡಲು ಭಯಂಕರವಾದರೂ ಅದರ ನೋವು ಕೆಲವು ಗಂಟೆಗಳಲ್ಲಿ ತಾನಾಗಿಯೇ ತಗ್ಗುತ್ತದೆ. ಅದಕ್ಕಿಂತ ಚಿಕ್ಕದಾದ ಕೆಂಪುಚೇಳಿನ ಸಂಗತಿ ಹಾಗಲ್ಲ. ಅದರ ವಿಷದ ಬಗೆಯನ್ನು ಅರಿಯಲು ದೇಹದ ಅಂಗಾಂಶಗಳು ಹಾರ್ಮೋನಿನ ಸಂದೇಶವನ್ನು ಹೇಗೆ ಓದಿಕೊಳ್ಳುತ್ತವೆ ಎಂಬುದನ್ನು ಮೊದಲು ತಿಳಿಯಬೇಕು.

೨. ಒಂದೇ ಸಂದೇಶ, ಹಲವು ಅರ್ಥ

ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳ ತಿರುಳಿನಿಂದ ರಕ್ತಕ್ಕೆ ಸೇರುವ ಹಾರ್ಮೋನು ಅಡ್ರಿನಲಿನ್. ಜಪಾನಿನ ಜೋಕಿಚಿ ತಕಾಮಿನೆ ೧೯೦೧ರಲ್ಲಿ ಇದನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಇದರ ಸಮೀಪದ ಬಂಧುವಾದ ನಾರ್‌ಅಡ್ರಿನಲಿನ್ ಪ್ರಧಾನವಾಗಿ ನರಗಳ ತುದಿಯಿಂದ ಸ್ರವಿಸುತ್ತದೆ. ಭಯ, ಕೋಪ, ಗಾಯಗಳ ಸಂದರ್ಭದಲ್ಲಿ ಇವೆರಡೂ ದೇಹವನ್ನು ಹೋರಾಟಕ್ಕೋ ಓಟಕ್ಕೋ ಸಿದ್ಧಗೊಳಿಸುತ್ತವೆ. ಎದೆ ಹೊಡೆದುಕೊಳ್ಳುವುದು, ಮೈ ನವಿರೇಳುವುದು, ಮುಖ ಬಿಳುಚುವುದು, ಕೈಕಾಲು ತಣ್ಣಗಾಗುವುದು ಎಂದು ನಮ್ಮ ಕತೆಗಳಲ್ಲಿ ಮತ್ತೆ ಮತ್ತೆ ಬರುವ ಭಯದ ವರ್ಣನೆಗಳು ಈ ಕ್ರಿಯೆಯ ಹೊರಗುರುತುಗಳೇ ಆಗಿವೆ.

ಒಂದೇ ಹಾರ್ಮೋನು ಹೃದಯವನ್ನು ಬಿರುಸಾಗಿಸುತ್ತದೆ, ಚರ್ಮದ ರಕ್ತನಾಳವನ್ನು ಬಿಗಿಯುತ್ತದೆ, ಶ್ವಾಸನಾಳವನ್ನು ಸಡಿಲಿಸುತ್ತದೆ. ಇದು ಹೇಗೆ ಸಾಧ್ಯ? ಊರಿನಲ್ಲಿ ತಮಟೆಯ ಸದ್ದು ಎಲ್ಲರಿಗೂ ಒಂದೇ. ಆದರೆ ಅದನ್ನು ಕೇಳಿ ಪೂಜಾರಿ ಗುಡಿಯ ಬಾಗಿಲು ತೆರೆಯುತ್ತಾನೆ, ಹೆಂಗಸರು ಆರತಿ ಹಿಡಿದು ಹೊರಡುತ್ತಾರೆ, ಮಕ್ಕಳು ಬೀದಿಗೆ ಓಡುತ್ತಾರೆ. ಅರ್ಥವಿರುವುದು ಸದ್ದಿನಲ್ಲಿ ಮಾತ್ರವಲ್ಲ, ಕೇಳುವವರಲ್ಲಿಯೂ ಇದೆ. ಅಂತೆಯೇ ಪ್ರತಿಯೊಂದು ಜೀವಕೋಶದ ಹೊರಪೊರೆಯಲ್ಲಿ ಹಾರ್ಮೋನನ್ನು ಗುರುತಿಸುವ ಗ್ರಾಹಕಗಳೆಂಬ ಪ್ರೋಟೀನುಗಳಿವೆ. ಯಾವ ಅಂಗಾಂಶದಲ್ಲಿ ಯಾವ ಗ್ರಾಹಕವಿದೆ ಎಂಬುದರ ಮೇಲೆ ಪರಿಣಾಮ ನಿರ್ಧಾರವಾಗುತ್ತದೆ. ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್ ೧೯೪೮ರಲ್ಲಿ ಈ ಗ್ರಾಹಕಗಳನ್ನು ಆಲ್ಫಾ ಮತ್ತು ಬೀಟಾ ಎಂದು ವಿಂಗಡಿಸಿದರು. ಮುಂದೆ ಇವುಗಳ ಒಳಭೇದಗಳೂ ಪತ್ತೆಯಾದವು. ಆಲ್ಫಾ-೧ ಮುಖ್ಯವಾಗಿ ರಕ್ತನಾಳಗಳ ಗೋಡೆಯಲ್ಲಿಯೂ, ಬೀಟಾ-೧ ಹೃದಯದಲ್ಲಿಯೂ, ಬೀಟಾ-೨ ಶ್ವಾಸನಾಳ ಹಾಗೂ ಸ್ನಾಯುಗಳ ರಕ್ತನಾಳಗಳಲ್ಲಿಯೂ ಇವೆ. ಆಲ್ಫಾ-೨ ಗ್ರಾಹಕವು ನರತುದಿಗಳಲ್ಲಿಯೂ ಇನ್ಸುಲಿನ್ ಸ್ರವಿಸುವ ಕೋಶಗಳಲ್ಲಿಯೂ ಇದ್ದು ಸ್ರಾವವನ್ನು ತಡೆಯುವ ಕೆಲಸ ಮಾಡುತ್ತದೆ.

ಅಡ್ರಿನಲಿನ್ ತಾನು ಜೀವಕೋಶದ ಒಳಹೊಗುವುದಿಲ್ಲ; ಹೊರಪೊರೆಯಲ್ಲಿಯೇ ನಿಂತು ಸುದ್ದಿಯನ್ನು ಒಳಗೆ ದಾಟಿಸುತ್ತದೆ. ಹೃದಯದ ಜೀವಕೋಶದಲ್ಲಿ ಬೀಟಾ ಗ್ರಾಹಕವು ತನ್ನ ಒಳಬದಿಯ ಜಿ-ಪ್ರೋಟೀನನ್ನು ಎಚ್ಚರಿಸುತ್ತದೆ. ಅದು ಒಂದು ಕಿಣ್ವವನ್ನು ಚುರುಕುಗೊಳಿಸುತ್ತದೆ. ಆ ಕಿಣ್ವವು ಎ.ಟಿ.ಪಿ.ಯಿಂದ ಸೈಕ್ಲಿಕ್ ಎ.ಎಂ.ಪಿ. ಎಂಬ ಚಿಕ್ಕ ಅಣುಗಳನ್ನು ಬಹುಸಂಖ್ಯೆಯಲ್ಲಿ ತಯಾರಿಸುತ್ತದೆ. ಒಂದೊಂದು ಮೆಟ್ಟಿಲಿನಲ್ಲಿಯೂ ಸಂದೇಶ ಹಿಗ್ಗುವುದರಿಂದ ರಕ್ತದಲ್ಲಿರುವ ಅತ್ಯಲ್ಪ ಹಾರ್ಮೋನು ಮಹತ್ತರ ಪರಿಣಾಮವನ್ನು ಉಂಟುಮಾಡುತ್ತದೆ. ಕೊನೆಗೆ ಕ್ಯಾಲ್ಸಿಯಂ ಹೆಚ್ಚಾಗಿ ಒಳಬಂದು ಹೃದಯ ವೇಗವಾಗಿಯೂ ಬಲವಾಗಿಯೂ ಬಡಿಯುತ್ತದೆ. ರಕ್ತನಾಳದ ಆಲ್ಫಾ-೧ ಗ್ರಾಹಕದ ಮಾರ್ಗ ಬೇರೆ. ಅಲ್ಲಿ ಇನ್ನೊಂದು ಜಿ-ಪ್ರೋಟೀನು, ಇನ್ನೊಂದು ಕಿಣ್ವ ಕೆಲಸ ಮಾಡಿ, ಜೀವಕೋಶದೊಳಗೆ ಕೂಡಿಟ್ಟ ಕ್ಯಾಲ್ಸಿಯಂ ಬಿಡುಗಡೆಯಾಗಿ ನಾಳದ ಗೋಡೆ ಬಿಗಿದುಕೊಳ್ಳುತ್ತದೆ. ಸೈಕ್ಲಿಕ್ ಎ.ಎಂ.ಪಿ.ಯನ್ನು ಕಂಡುಹಿಡಿದ ಅರ್ಲ್ ಸದರ್ಲೆಂಡ್‌ಗೆ ೧೯೭೧ರಲ್ಲಿ, ಜಿ-ಪ್ರೋಟೀನುಗಳಿಗಾಗಿ ಗಿಲ್ಮನ್ ಮತ್ತು ರೋಡ್‌ಬೆಲ್‌ಗೆ ೧೯೯೪ರಲ್ಲಿ, ಗ್ರಾಹಕಗಳ ಸಂಶೋಧನೆಗಾಗಿ ಲೆಫ್ಕೊವಿಟ್ಜ್ ಮತ್ತು ಕೊಬಿಲ್ಕಾಗೆ ೨೦೧೨ರಲ್ಲಿ ನೊಬೆಲ್ ಪ್ರಶಸ್ತಿಗಳು ಸಂದವು.

ಗ್ರಾಹಕದ ಮೇಲೆ ತಾನು ಕುಳಿತು ಹಾರ್ಮೋನಿಗೆ ಜಾಗ ಬಿಡದಿರುವ ವಸ್ತುವೇ ಪ್ರತಿಬಂಧಕ ಔಷಧ. ಇಂಥ ವಸ್ತುವಿನ ಪರಿಣಾಮವನ್ನು ಇಂಗ್ಲೆಂಡಿನ ಹೆನ್ರಿ ಡೇಲ್ ೧೯೦೬ರಷ್ಟು ಹಿಂದೆಯೇ ಕಂಡಿದ್ದರು. ರೈ ಧಾನ್ಯದ ತೆನೆಯಲ್ಲಿ ಬೆಳೆಯುವ ಎರ್ಗಟ್ ಎಂಬ ಶಿಲೀಂಧ್ರದ ಸಾರವನ್ನು ಮೊದಲು ಕೊಟ್ಟು ಅನಂತರ ಅಡ್ರಿನಲಿನ್ ಕೊಟ್ಟಾಗ, ಏರಬೇಕಾದ ರಕ್ತದ ಒತ್ತಡ ಇಳಿಯಿತು. ನಾಳಗಳನ್ನು ಬಿಗಿಯುವ ಗ್ರಾಹಕಗಳು ಮುಚ್ಚಿಹೋಗಿ, ಸಡಿಲಿಸುವ ಗ್ರಾಹಕಗಳು ಮಾತ್ರ ತೆರೆದುಳಿದುದೇ ಇದಕ್ಕೆ ಕಾರಣವೆಂಬುದು ಮುಂದೆ ಸ್ಪಷ್ಟವಾಯಿತು. ೧೯೬೦ರ ದಶಕದಲ್ಲಿ ಜೇಮ್ಸ್ ಬ್ಲ್ಯಾಕ್ ರೂಪಿಸಿದ ಪ್ರೊಪ್ರನೊಲಾಲ್ ಬೀಟಾ ಗ್ರಾಹಕಗಳನ್ನು ತಡೆದು ಹೃದ್ರೋಗದ ಚಿಕಿತ್ಸೆಯನ್ನೇ ಬದಲಿಸಿತು. ಅವರಿಗೆ ೧೯೮೮ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಆಲ್ಫಾ-೧ ಗ್ರಾಹಕವನ್ನು ಆಯ್ದು ತಡೆಯುವ ಪ್ರಾಜೋಸಿನ್ ೧೯೭೦ರ ದಶಕದಲ್ಲಿ ರಕ್ತದೊತ್ತಡದ ಔಷಧವಾಗಿ ಬಳಕೆಗೆ ಬಂತು.

೩. ಕೆಂಪುಚೇಳಿನ ವಿಷ ಮಾಡುವ ಕೆಲಸ

ಮಹಾರಾಷ್ಟ್ರ, ಕರ್ನಾಟಕ, ಆಂಧ್ರಪ್ರದೇಶ, ತಮಿಳುನಾಡುಗಳ ಹಲವು ಭಾಗಗಳಲ್ಲಿ ಕಂಡುಬರುವ ಭಾರತೀಯ ಕೆಂಪುಚೇಳಿನ ಶಾಸ್ತ್ರೀಯ ನಾಮ ಹಾಟೆಂಟೋಟಾ ಟ್ಯಾಮುಲಸ್. ಇದರ ವಿಷ ಅಂಗಾಂಶಗಳನ್ನು ಕೊಳೆಸುವ ಬಗೆಯದಲ್ಲ. ನರಗಳ ಮೇಲೆ ಪ್ರಭಾವ ಬೀರುವಂಥದು. ನರತಂತುವಿನಲ್ಲಿ ಸೋಡಿಯಂ ಒಳಬರುವ ದ್ವಾರಗಳಿವೆ. ಸುದ್ದಿ ಸಾಗಿದೊಡನೆ ಇವು ಮುಚ್ಚಬೇಕು. ವಿಷದ ಪ್ರೋಟೀನುಗಳು ಇವು ಮುಚ್ಚುವುದನ್ನು ತಡಮಾಡುತ್ತವೆ. ಪೊಟ್ಯಾಸಿಯಂ ಹೊರಹೋಗುವ ದ್ವಾರಗಳನ್ನು ತಡೆಯುವ ಪ್ರೋಟೀನುಗಳೂ ಇದೇ ವಿಷದಲ್ಲಿವೆ. ಪರಿಣಾಮವಾಗಿ ನಮ್ಮ ಇಚ್ಛೆಗೆ ಒಳಪಡದ ಸ್ವಾಯತ್ತ ನರಗಳು ಬಿಡುವಿಲ್ಲದೆ ಮಿಡಿಯತೊಡಗುತ್ತವೆ. ವೈದ್ಯರು ಇದನ್ನು ಸ್ವಾಯತ್ತ ನರಗಳ ಬಿರುಗಾಳಿಯೆಂದೇ ಕರೆಯುತ್ತಾರೆ.

ಬಿರುಗಾಳಿಯ ಮೊದಲ ಹಂತದಲ್ಲಿ ವಾಂತಿ, ಮೈತುಂಬ ಬೆವರು, ಜೊಲ್ಲು ಸುರಿಯುವುದು, ಗಂಡುಮಕ್ಕಳಲ್ಲಿ ಶಿಶ್ನದ ನಿಮಿರುವಿಕೆ ಕಾಣಿಸುತ್ತವೆ. ಬೆನ್ನಹಿಂದೆಯೇ ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್‌ಗಳ ಪ್ರವಾಹ ಬರುತ್ತದೆ. ಆಲ್ಫಾ ಗ್ರಾಹಕಗಳ ಮೂಲಕ ರಕ್ತನಾಳಗಳು ಬಿಗಿದುಕೊಂಡು ಕೈಕಾಲು ಮಂಜಿನಂತೆ ತಣ್ಣಗಾಗುತ್ತವೆ, ರಕ್ತದೊತ್ತಡ ಏರುತ್ತದೆ. ಬೀಟಾ ಗ್ರಾಹಕಗಳ ಮೂಲಕ ಹೃದಯ ಮಿತಿಮೀರಿ ದುಡಿಯುತ್ತದೆ. ಇನ್ಸುಲಿನ್ ಸ್ರವಿಸುವ ಕೋಶಗಳಿಗೂ ತಡೆಯಾಜ್ಞೆ ಹೋಗುವುದರಿಂದ ಸಕ್ಕರೆಯನ್ನು ಬಳಸಿಕೊಳ್ಳುವ ವ್ಯವಸ್ಥೆಯೂ ಕೆಡುತ್ತದೆ. ಮುಚ್ಚಿದ ತೂಬಿನ ಎದುರು ಏತ ಹೊಡೆದಂತೆ, ಬಿಗಿದ ನಾಳಗಳ ಎದುರು ಹೃದಯ ರಕ್ತವನ್ನು ತಳ್ಳುತ್ತ ಸೋಲತೊಡಗುತ್ತದೆ. ಆಗ ಶ್ವಾಸಕೋಶದಲ್ಲಿ ನೀರು ತುಂಬಿ, ಏದುಸಿರು ಬಂದು, ಬಾಯಲ್ಲಿ ನಸುಗೆಂಪು ನೊರೆ ಕಾಣಿಸಬಹುದು. ಮಕ್ಕಳ ದೇಹ ಚಿಕ್ಕದಾದುದರಿಂದ ಅಷ್ಟೇ ವಿಷ ಅವರಲ್ಲಿ ಹೆಚ್ಚು ಘಾತಕವಾಗುತ್ತದೆ.

ಇಲ್ಲಿ ಗಮನಿಸಬೇಕಾದುದೇನೆಂದರೆ, ಹೃದಯವನ್ನು ಕೆಡಿಸುವುದು ಬಹುಪಾಲು ದೇಹದ್ದೇ ಆದ ಹಾರ್ಮೋನು. ಚೇಳಿನ ವಿಷ ಅದನ್ನು ತಡೆಯಿಲ್ಲದೆ ಹರಿಯಬಿಡುತ್ತದೆ. ಆದ್ದರಿಂದ ಕುಟುಕಿದ ಜಾಗದಿಂದ ವಿಷವನ್ನು ಹೊರಗೆಳೆಯುವ ಯಾವ ಉಪಾಯವೂ, ಅದು ಹುಣಸೆಬೀಜವಾಗಲಿ, ಬ್ಲೇಡಿನ ಗಾಯವಾಗಲಿ, ಈ ಪ್ರವಾಹವನ್ನು ತಡೆಯಲಾರದು. ಚರ್ಮದ ಕೆಳಗೆ ಸೇರಿದ ವಿಷ ಬೇಗನೆ ರಕ್ತವನ್ನು ಕೂಡಿಕೊಳ್ಳುತ್ತದೆ. ಚರ್ಮದ ಮೇಲೆ ಅಂಟಿದ ಬೀಜ ಅಲ್ಲಿಯವರೆಗೆ ಎಟಕುವುದಿಲ್ಲ.

೪. ಮಹಾಡಿನ ವೈದ್ಯರು ಕಂಡುಕೊಂಡ ದಾರಿ

ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಮಹಾಡ್ ಪರಿಸರದಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ ೧೯೭೦ರ ದಶಕದಿಂದ ಕೆಂಪುಚೇಳು ಕಡಿತದ ರೋಗಿಗಳ ಹಾಸಿಗೆಯ ಬದಿಯಲ್ಲಿ ಕುಳಿತು ಲಕ್ಷಣಗಳನ್ನು ಗಂಟೆಗಂಟೆಗೂ ಬರೆದಿಟ್ಟರು. ಅವರ ಪತ್ನಿ ಡಾ. ಪ್ರಮೋದಿನಿ ಬಾವಸ್ಕರ್ ಈ ಕಾರ್ಯದಲ್ಲಿ ಸಹಭಾಗಿಯಾದರು. ನಾಳಗಳನ್ನು ಬಿಗಿಯುತ್ತಿರುವುದು ಆಲ್ಫಾ ಗ್ರಾಹಕವಾದರೆ ಅದನ್ನೇ ತಡೆಯಬೇಕೆಂಬ ತರ್ಕದಿಂದ ಅವರು ಪ್ರಾಜೋಸಿನ್ ಮಾತ್ರೆಯನ್ನು ಬಳಸಿದರು. ಈ ಕುರಿತ ಅವರ ಬರಹ ೧೯೮೬ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ತೀವ್ರ ವಿಷಬಾಧೆಯ ಪ್ರಕರಣಗಳಲ್ಲಿ ಹಿಂದೆ ಶೇಕಡಾ ೩೦ರಷ್ಟಿದ್ದ ಸಾವು ಪ್ರಾಜೋಸಿನ್ ಬಳಕೆಯ ಅನಂತರ ಶೇಕಡಾ ೩ಕ್ಕಿಂತ ಕೆಳಗಿಳಿದುದನ್ನು ಅವರ ವರದಿಗಳು ತಿಳಿಸುತ್ತವೆ. ೨೦೧೧ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಅವರ ಇನ್ನೊಂದು ಪ್ರಯೋಗದಲ್ಲಿ ೭೦ ರೋಗಿಗಳಿದ್ದರು. ಪ್ರಾಜೋಸಿನ್ ಜೊತೆಗೆ ಚೇಳಿನ ಪ್ರತಿವಿಷವನ್ನೂ ಪಡೆದವರಲ್ಲಿ ಶೇಕಡಾ ೯೧ ಮಂದಿ ೧೦ ಗಂಟೆಗಳಲ್ಲಿ ಪೂರ್ಣ ಚೇತರಿಸಿಕೊಂಡರೆ, ಪ್ರಾಜೋಸಿನ್ ಮಾತ್ರ ಪಡೆದವರಲ್ಲಿ ಆ ಪ್ರಮಾಣ ಶೇಕಡಾ ೨೩ ಆಗಿತ್ತು. ಡಾ. ಬಾವಸ್ಕರ್ ಅವರಿಗೆ ೨೦೨೨ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು.

ಹೃದಯ ಬಿರುಸಾಗಿ ಬಡಿಯುತ್ತಿದೆಯಲ್ಲ, ಬೀಟಾ ಪ್ರತಿಬಂಧಕವನ್ನೇಕೆ ಕೊಡಬಾರದು ಎಂಬ ಪ್ರಶ್ನೆ ಸಹಜ. ಬೀಟಾ ಗ್ರಾಹಕಗಳನ್ನು ಮುಚ್ಚಿದರೆ ಬಿಗಿದ ನಾಳಗಳು ಬಿಗಿದೇ ಉಳಿಯುತ್ತವೆ. ಅವುಗಳ ಎದುರು ಹೇಗೋ ದುಡಿಯುತ್ತಿದ್ದ ಹೃದಯದ ಬಲ ಮಾತ್ರ ಕುಂದುತ್ತದೆ. ಒಂದೇ ಹಾರ್ಮೋನನ್ನು ತಡೆಯುವ ಎರಡು ಔಷಧಗಳಲ್ಲಿ ಒಂದು ಪ್ರಾಣ ಉಳಿಸುತ್ತದೆ, ಇನ್ನೊಂದು ಅಪಾಯ ತರುತ್ತದೆ. ಪ್ರಾಜೋಸಿನ್ ಕೂಡ ಮನೆಮದ್ದಲ್ಲ. ರಕ್ತದೊತ್ತಡವನ್ನು ಹಠಾತ್ತಾಗಿ ಇಳಿಸುವ ಗುಣ ಅದಕ್ಕಿರುವುದರಿಂದ ರೋಗಿಯನ್ನು ಮಲಗಿಸಿಯೇ, ವೈದ್ಯರ ಕಣ್ಗಾವಲಿನಲ್ಲಿ ಅದನ್ನು ಕೊಡಬೇಕು.

೫. ನೋವಿನ ಅಳತೆ, ತಣ್ಣನೆಯ ಅಳತೆ

ಬಾವಸ್ಕರ್ ಅವರ ಅವಲೋಕನಗಳಲ್ಲಿ ಜಾನಪದ ಸಂಶೋಧಕರಿಗೆ ಅತ್ಯಂತ ಮುಖ್ಯವಾದುದು ನೋವನ್ನು ಕುರಿತದ್ದು. ಕುಟುಕಿದ ಜಾಗದಲ್ಲಿ ಸಹಿಸಲಾಗದ ನೋವಿದ್ದು ಉಳಿದ ಲಕ್ಷಣಗಳಿಲ್ಲದಿದ್ದರೆ ಆ ಪ್ರಕರಣ ಸಾಮಾನ್ಯವಾಗಿ ಪ್ರಾಣಾಪಾಯದ್ದಲ್ಲ. ವಿಷ ಮೈಗೆಲ್ಲ ವ್ಯಾಪಿಸಿದ ಪ್ರಕರಣಗಳಲ್ಲಿ ಸ್ಥಳದ ನೋವು ಅಲ್ಪವಾಗಿರಬಹುದು. ಚೇತರಿಕೆಯ ಹಂತದಲ್ಲಿ ಆ ನೋವು ಮರಳಿ ಕಾಣಿಸಿಕೊಳ್ಳುವುದೂ ಉಂಟು. ನೋವು ಹೋದರೆ ವಿಷ ಹೋಯಿತು ಎಂಬ ಜನಪದ ಅಳತೆಗೆ ಇದು ನೇರ ವಿರುದ್ಧವಾಗಿದೆ. ಮಂತ್ರ ಹಾಕುವವರು ಎಲ್ಲಿಯವರೆಗೆ ಇಳಿಯಿತು ಎಂದು ಕೇಳುತ್ತಿರುವಾಗ, ಕೆಂಪುಚೇಳು ಕುಟುಕಿದ ಮಗು ನೋವಿಲ್ಲವೆಂದು ಹೇಳಿದರೆ ಮನೆಯವರು ನೆಮ್ಮದಿಯಿಂದ ಅದನ್ನು ಮಲಗಿಸುತ್ತಾರೆ. ಆಗಲೇ ಅದರ ಮೈ ಬೆವೆತು ಕೈಕಾಲು ತಣ್ಣಗಾಗಿರಬಹುದು. ಬೆವರನ್ನು ಕಂಡು ವಿಷ ಹೊರಬರುತ್ತಿದೆಯೆಂದೂ, ವಾಂತಿಯನ್ನು ಕಂಡು ವಿಷ ಕಕ್ಕಿತೆಂದೂ ತಿಳಿಯುವುದಾದರೆ ಬಿರುಗಾಳಿಯ ಮೊದಲ ಸೂಚನೆಗಳೇ ಗುಣವಾಗುವ ಸೂಚನೆಗಳಾಗಿ ತೋರುತ್ತವೆ. ಮಂತ್ರ ಹಾಕುವವರಲ್ಲಿ ವಂಚನೆಯಿರಬೇಕೆಂದಿಲ್ಲ. ನೂರಾರು ನಿರುಪದ್ರವಿ ಕುಟುಕುಗಳಲ್ಲಿ ಸರಿಯಾಗಿ ನಡೆದ ಅಳತೆ ಅಪಾಯದ ಒಂದು ಕುಟುಕಿನಲ್ಲಿ ದಾರಿ ತಪ್ಪಿಸುತ್ತದೆ.

ಆದರೆ ಸರಿಯಾದ ಅಳತೆಯೂ ಜನಪದರ ನುಡಿಯಲ್ಲಿಯೇ ಇದೆ. ಸಾವಿನ ಸಮೀಪವನ್ನು ಕೈಕಾಲು ತಣ್ಣಗಾದವು ಎಂದು ಹೇಳುವ ರೂಢಿ ನಮ್ಮ ಕತೆಗಳಲ್ಲಿಯೂ ನಿತ್ಯದ ಮಾತಿನಲ್ಲಿಯೂ ಉಂಟು. ರಕ್ತನಾಳಗಳ ಬಿಗಿತವನ್ನು ಅಂಗೈಯಿಂದ ಓದುವ ಈ ಅರಿವು ವೈದ್ಯರು ಹೇಳುವ ಲಕ್ಷಣಕ್ಕೆ ತೀರ ಹತ್ತಿರದ್ದು. ಚೇಳಿನ ಚಿಕಿತ್ಸೆಯಲ್ಲಿ ನೋವಿನ ಕೂಗು ಇದನ್ನು ಮರೆಮಾಡಿದೆ. ಮೇಲಿನಿಂದ ಕೆಳಕ್ಕೆ ನೀವುವ ಕೈಯೇ ರೋಗಿಯ ಅಂಗಾಲು ಅಂಗೈಗಳ ತಣ್ಣನೆಯನ್ನು ಮೊದಲು ತಿಳಿಯಬಲ್ಲ ಕೈ ಎಂಬುದನ್ನು ನಾವು ಮರೆಯಬಾರದು.

೬. ಸಮಾರೋಪ

ಚೇಳಿನ ಮಂತ್ರಗಳನ್ನು ಸಂಗ್ರಹಿಸುವಾಗ ನಾವು ಪಠ್ಯವನ್ನು ಬರೆದುಕೊಳ್ಳುತ್ತೇವೆ. ಹೇಳುವವರ ಜಾತಿ, ಊರು, ವಯಸ್ಸುಗಳನ್ನು ದಾಖಲಿಸುತ್ತೇವೆ. ಯಾವ ಬಣ್ಣದ ಚೇಳು, ಕುಟುಕಿಸಿಕೊಂಡವರ ವಯಸ್ಸೆಷ್ಟು, ಬೆವರು ಬಂದಿತೇ, ಕೈಕಾಲು ಬೆಚ್ಚಗಿದ್ದವೇ, ಎಷ್ಟು ಹೊತ್ತಿನ ಮೇಲೆ ಆಸ್ಪತ್ರೆಗೆ ಹೋದರು ಎಂಬುದನ್ನು ಕೇಳುವುದು ಅಪರೂಪ. ಈ ಪ್ರಶ್ನೆಗಳಿಲ್ಲದ ಸಂಗ್ರಹದಲ್ಲಿ ಮಂತ್ರದ ಯಶಸ್ಸು ಉಳಿಯುತ್ತದೆ, ಅದರ ಸೋಲು ದಾಖಲಾಗುವುದಿಲ್ಲ. ಸತ್ತ ಮಗುವಿನ ಕತೆಯನ್ನು ವಕ್ತೃವಾಗಿ ಹೇಳಲು ಯಾರೂ ಬರುವುದಿಲ್ಲ. ಜನಪದ ವೈದ್ಯದ ಅಧ್ಯಯನ ಇನ್ನು ಮುಂದೆ ಈ ಭಾಗವನ್ನೂ ಒಳಗೊಳ್ಳಬೇಕಾಗಿದೆ.

ನಲ್ಲೂರಿನ ಹುಣಸೆ ಮರಗಳನ್ನು ಪರಂಪರೆಯ ಹೆಸರಿನಲ್ಲಿ ಉಳಿಸಿಕೊಂಡಿರುವ ನಾವು ಹುಣಸೆಬೀಜದ ಮದ್ದನ್ನೂ ಪರಂಪರೆಯಾಗಿ ದಾಖಲಿಸಬೇಕು. ಅದನ್ನು ಚಿಕಿತ್ಸೆಯಾಗಿ ನೆಚ್ಚುವುದು ಬೇರೆಯ ಮಾತು. ಚೇಳಮ್ಮನಿಗೆ ಹರಕೆ ಹೊರುವುದಕ್ಕೂ ಆಸ್ಪತ್ರೆಗೆ ಓಡುವುದಕ್ಕೂ ವಿರೋಧವಿಲ್ಲ. ಮೊದಲು ಯಾವುದು ಎಂಬ ಕ್ರಮ ಮಾತ್ರ ಮುಖ್ಯ. ಹಳ್ಳಿಗಳಲ್ಲಿ ಚೇಳು ಕುಟುಕಿದಾಗ ಜನ ಮೊದಲು ಹೋಗುವುದು ಮಂತ್ರ ಹಾಕುವವರ ಬಳಿಗೇ ಆಗಿದ್ದರೆ, ಮೈ ಬೆವೆತಿದ್ದರೆ, ವಾಂತಿಯಾಗಿದ್ದರೆ, ಕೈಕಾಲು ತಣ್ಣಗಿದ್ದರೆ ತಡಮಾಡದೆ ಆಸ್ಪತ್ರೆಗೆ ಕಳುಹಿಸಬೇಕೆಂಬ ತಿಳಿವಳಿಕೆ ಅವರಿಗೇ ಮೊದಲು ತಲುಪಬೇಕು. ಅವರ ಮಾತನ್ನು ಊರು ನಂಬುತ್ತದೆ. ಆ ನಂಬಿಕೆಯನ್ನು ಜೀವ ಉಳಿಸುವ ಕಡೆಗೆ ತಿರುಗಿಸುವುದರಲ್ಲಿ ಜಾನಪದ ವಿದ್ವಾಂಸರ ಪಾತ್ರವೂ ಇದೆ.